ಕಮಲಿಗೆ ಕೊಟ್ಟ ಮಾತು

"ಹೋಗಬ್ಯಾಡ್ರಿ ಸಾಹೇಬ್ರೆ. ಹೋದ್ರೂ ಹೊಳೆ ದಂಡ್ಯಾಗ ಬಾಯಿ ಬಿಡಬ್ಯಾಡ್ರಿ. ಆಕಿ ಮಾಟ ಕಲ್ತಾಕಿ," ಎಂದು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅಲ್ಲಾಬಕ್ಷ್ ದನಿ ತಗ್ಗಿಸಿ ಹೇಳಿದ.

ಕರಿಬಸವರಾಜ ನಕ್ಕುಬಿಟ್ಟ. ಮೈಸೂರಿನಲ್ಲಿ ಓದಿ, ದಾವಣಗೆರೆ ಮಂಡಿಪೇಟೆಯ ಈ ವಾರಪತ್ರಿಕೆಗೆ ಧಾರಾವಾಹಿ ಬರೆಯಲು ಹೆಂಡತಿ ನಿರ್ಮಲಳೊಡನೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಗಲೇ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೆಚ್ಚಿ ಬರೆದವರ ಕಾಗದ ಒಲೆಗೆ, ಬೈದು ಬರೆದವರ ಕಾಗದ ಪತ್ರಿಕೆಯಲ್ಲಿ ಗೇಲಿಗೆ. ಓದುಗರನ್ನು ನಿಭಾಯಿಸಲು ಅವನಿಗೆ ಗೊತ್ತಿದ್ದದ್ದು ಇಷ್ಟೇ.

ಬಾಗಿಲಲ್ಲಿ ನಿಂತಿದ್ದವಳು ಹರಿಹರದ ಕಡೆಯ ಕಡರನಾಯಕನಹಳ್ಳಿಯ ಹೊನ್ನಕ್ಕ. ಗಂಡನಿಲ್ಲ, ಮಕ್ಕಳಿಲ್ಲ. ವಾರವಾರವೂ ಯಾರಿಂದಲೋ ಓದಿಸಿಕೊಂಡು, ಕಥಾನಾಯಕಿ ಕಮಲಿಯನ್ನು ಮಗಳೆಂದೇ ನಂಬಿದ್ದಳು. ಕಮಲಿಗೆ ಜ್ವರ ಬಂದ ವಾರ ಕಷಾಯ ಕಾಸಿ ತಂದು ಕಚೇರಿಯಲ್ಲಿಟ್ಟು ಹೋಗಿದ್ದಳು. ಪತ್ರಿಕೆ ಇನ್ನಷ್ಟು ಖರ್ಚಾಗಲೆಂದು ಕರಿಬಸವರಾಜ ಆ ಕಮಲಿಯನ್ನು ಹರಿಹರದ ಹೊಳೆಯಲ್ಲಿ ಮುಳುಗಿಸಿದ್ದ. ಸಂಪಾದಕರು ಬೆನ್ನು ತಟ್ಟಿದ್ದರು.

"ಮಗಳಿಗೆ ಎಡೆ ಇಟ್ಟೀನ್ರಿ. ಕಾಗೆ ಮುಟ್ತಾನೇ ಇಲ್ಲ. ಏನೋ ಆಸೆ ಉಳಿದೈತೆ. ನೀರಿಗೆ ನೂಕಿದೋರು ನೀವು, ಮಾತೂ ನೀವೇ ಕೊಡಬೇಕು."

ಕರಿಬಸವರಾಜನ ಮನೆತನದಲ್ಲಿ ಸತ್ತವರನ್ನು ಮಣ್ಣು ಮಾಡಿ ವಿಭೂತಿ ಧರಿಸಿದರೆ ಮುಗಿಯಿತು, ಕಾಗೆಯ ಗೊಡವೆಯಿಲ್ಲ. ಸತ್ತವರ ಆಸೆ ಊಹಿಸಿ ಮಾತು ಕೊಡಬೇಕು, ಕಾಗೆ ಉಂಡರೆ ಆ ಮಾತು ತಪ್ಪುವಂತಿಲ್ಲ ಎಂಬುದು ಅವನಿಗೆ ಹೊಸದು. ಮುಂದಿನ ವಾರಕ್ಕೆ ಒಳ್ಳೆಯ ತಮಾಷೆ ಸಿಕ್ಕಿತೆಂದು ಹರಿಹರದ ರೈಲು ಹತ್ತಿದ.

ಹೊಳೆ ದಂಡೆಯಲ್ಲಿ ಕೊಳೆತ ಜೊಂಡಿನ ನಾತ. ಎಲೆಯ ಮೇಲೆ ಆರಿದ ಅನ್ನ. ಪಕ್ಕದಲ್ಲೊಂದು ಹಿಟ್ಟಿನ ಗೊಂಬೆ; ಅದರ ಮೈಗೆ ಅವನದೇ ಧಾರಾವಾಹಿಯ ಹಾಳೆ ಸುತ್ತಿ ಕುಂಕುಮದ ನೀರು ಸುರಿದಿತ್ತು. ಮಟಮಟ ಮಧ್ಯಾಹ್ನದಲ್ಲೂ ಮರದ ಬುಡದಲ್ಲಿ ಕತ್ತಲೆ. ಕೊಂಬೆ ತುಂಬ ಕಾಗೆಗಳು, ಒಂದೂ ಕೂಗುತ್ತಿರಲಿಲ್ಲ.

"ಕೇಳ್ರಿ ಆಕಿನ," ಹೊನ್ನಕ್ಕ ಪಿಸುಗುಟ್ಟಿದಳು.

ಅವನು ನಾಟಕದವನಂತೆ ಕೈಮುಗಿದ. "ಏನವ್ವ ಕಮಲಿ, ಮನೆ ಬೇಕಾ? ನನ್ನ ಮನೆಗೇ ಬಾ. ನಿರ್ಮಲ ಜಾಗ ಬಿಟ್ಟುಕೊಡ್ತಾಳೆ, ನೀನೇ ಇರು!"

ಒಂದು ಕಾಗೆ ಇಳಿಯಿತು. ಅನ್ನ ಕುಕ್ಕಿತು. ಹಿಂದೆಯೇ ಮರವೆಲ್ಲ ಬರಿದಾಯಿತು. ಹೊನ್ನಕ್ಕ ಸೆರಗು ಬಾಯಿಗೊತ್ತಿಕೊಂಡು ಸಂತೋಷಕ್ಕೆ ಬಿಕ್ಕಿದಳು. "ಒಪ್ಪಿದ್ಲು ನನ್ನವ್ವ!"

"ನಾನು ತಮಾಷೆಗೆ ಅಂದೆ," ಎಂದ ಕರಿಬಸವರಾಜ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಕೇಳಿಸಿಕೊಳ್ಳಲೇ ಇಲ್ಲ.

ದಾವಣಗೆರೆ ಮುಟ್ಟುವಾಗ ಮುಚ್ಚಂಜೆ. ಮನೆಯಲ್ಲಿ ದೀಪವಿಲ್ಲ. ಬಾಗಿಲು ತೆರೆದಿತ್ತು. ಒಳಗೆ ಹೊಳೆಯ ಕೆಸರಿನ ವಾಸನೆ. ನೀರು ತೊಟ್ಟಿಕ್ಕುವ ಸದ್ದು. ಕಡ್ಡಿ ಗೀರಿದ. ಆರಿತು. ಮತ್ತೆ ಗೀರಿದ. ನಿರ್ಮಲಳೇ. ಅದೇ ಮುಖ. ಅದೇ ಮೂಗುತಿ. ಕೂದಲಿಂದ ನೀರು. ಸೀರೆಯಿಂದ ನೀರು.

"ನಿರ್ಮಲಾ, ಏನಾಯ್ತೇ?"

"ನಿರ್ಮಲ ಎಲ್ಲೈದಾಳ್ರಿ? ಜಾಗ ಬಿಟ್ಟುಕೊಟ್ಳಲ್ಲ."

ಮರುದಿನ ಬೆಳಗ್ಗೆ ಬರೆಯಲು ಕೂತ. ಕಮಲಿ ಬದುಕಿದಳು. ಕಮಲಿ ದೂರದ ಊರಿಗೆ ಹೋದಳು. ಬರೆದ, ಹರಿದ, ಮತ್ತೆ ಬರೆದ. ಪಕ್ಕದಲ್ಲಿ ಕೂತವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಿರ್ಮಲ ಅವನ ಒಂದು ಸಾಲನ್ನೂ ಓದಿದವಳಲ್ಲ. ಬರೆದದ್ದನ್ನು ಮರೆತು ಇರಲು ಅವನಿಗಿದ್ದದ್ದು ಅವಳೊಬ್ಬಳ ಮಡಿಲು. ಇವಳಿಗೆ ಅವನ ಪ್ರತಿ ಅಕ್ಷರವೂ ಬಾಯಿಪಾಠ. ಅವನು ಬರೆಯುವ ಮೊದಲೇ ಮುಂದಿನ ಸಾಲು ಹೇಳುತ್ತಿದ್ದಳು.

ಬಾಗಿಲು ಬಡಿದ ಸದ್ದು. ಹೊನ್ನಕ್ಕ. ಕೈಯಲ್ಲಿ ಹೊಸ ಸೀರೆ, ಮಲ್ಲಿಗೆ ದಂಡೆ. ಆಚೆ ಹೋಗು ಎಂದು ಅರಚಬೇಕೆಂದುಕೊಂಡ. ಬಾಗಿಲಿಗೆ ಅಡ್ಡ ನಿಂತ.

"ಯಾರು, ಅವ್ವನಾ?" ಒಳಗಿನಿಂದ ನಿರ್ಮಲಳ ದನಿ.

"ಹೂನವ್ವ, ಬಂದೆ," ಎಂದಳು ಹೊನ್ನಕ್ಕ. ಅವನತ್ತ ತಿರುಗಿ ತಲೆ ಮೇಲೆ ಸೆರಗು ಎಳೆದುಕೊಂಡಳು. "ದಾರಿ ಬಿಡ್ರಿ ಅಳಿಯಂದ್ರೆ."

ಕರಿಬಸವರಾಜ ಪಕ್ಕಕ್ಕೆ ಸರಿದ.