ಹುಳು ಮೇಯ್ದ ಸಂಖ್ಯೆಗಳು

ನಂಬದಿದ್ದರೆ ಬಿಡಿ. ಆ ಹೇಸಿಗೆ ವಾಸನೆ ಮಾತ್ರ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ.

ಹುಣಸೂರಿನಲ್ಲಿ ಕೂತು ನಾನು ಚೆಸ್ ಆಡುವ ಪ್ರೋಗ್ರಾಂ ಬರೆಯುತ್ತಿದ್ದೆ. ಹಲಗೆಯ ಮೇಲಿನ ಒಂದೊಂದು ಸ್ಥಿತಿಯನ್ನೂ ಅದು ಗುರುತಿಟ್ಟುಕೊಳ್ಳಲು ಪ್ರತಿ ಚೌಕದಲ್ಲಿರುವ ಪ್ರತಿ ಕಾಯಿಗೂ ಬೇರೆ ಬೇರೆ ದೊಡ್ಡ ಸಂಖ್ಯೆ ಬೇಕು. ಅವುಗಳಲ್ಲಿ ಕ್ರಮವೇನಾದರೂ ಇದ್ದರೆ ಪ್ರೋಗ್ರಾಂ ಒಂದು ಸ್ಥಿತಿಯನ್ನು ಇನ್ನೊಂದೆಂದು ತಿಳಿದು ಎಡವುತ್ತದೆ. ಕಂಪ್ಯೂಟರ್ ತಾನೇ ಕೊಡುವ ಸಂಖ್ಯೆಗಳ ಮೇಲೆ ನನಗೆ ನಂಬಿಕೆಯಿರಲಿಲ್ಲ. ಪಿರಿಯಾಪಟ್ಟಣದ ಬಳಿ ಗೆಳೆಯ ಯತೀಶನ ರೇಷ್ಮೆಹುಳು ಮನೆಯಲ್ಲಿ ಹಳೆಯ ಫೋನೊಂದನ್ನು ತೂಗುಹಾಕಿ, ಹುಳುಗಳು ಸೊಪ್ಪು ಮೇಯುವ ಸದ್ದನ್ನು ಇಂಟರ್ನೆಟ್ಟಿನಲ್ಲಿ ಮನೆಗೆ ತರಿಸಿಕೊಂಡು, ಅದರಿಂದ ಸಂಖ್ಯೆ ಮಾಡಿಕೊಂಡೆ.

ಚೆನ್ನಾಗಿಯೇ ಬರುತ್ತಿದ್ದವು. ಒಂದು ಮಧ್ಯಾಹ್ನ ಹಿಂದೆ ಬಂದಿದ್ದ ಸಂಖ್ಯೆಗಳೇ, ಅದೇ ಸಾಲಿನಲ್ಲಿ, ಮತ್ತೆ ಬರತೊಡಗಿದವು. ಫೋನ್ ಕೆಟ್ಟಿರಬೇಕೆಂದು ಯತೀಶನಲ್ಲಿಗೆ ಹೋದೆ.

ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ತಟ್ಟೆಗಳಲ್ಲಿ ಹುಳುಗಳು ಒಡೆದು, ಕೀವಿನಂತೆ ಸೋರುತ್ತಿದ್ದವು.

"ರೋಗ ಬಂದು ನೆನ್ನೆನೇ ಎಲ್ಲಾ ಸತ್ತೋದೋ ಕಣ್ಲಾ ನೂಮಾನ್," ಎಂದ ಯತೀಶ, ಮೂಗಿಗೆ ಟವೆಲ್ ಕಟ್ಟಿಕೊಂಡು. "ಒಂದ್ ಉಳಾನೂ ಉಳೀನಿಲ್ಲ."

ತೂಗುಹಾಕಿದ್ದ ಫೋನಿಗೆ ಇಯರ್‌ಫೋನ್ ಹಾಕಿ ಕೇಳಿದೆ. ಹುಳುಗಳು ಮೇಯುತ್ತಲೇ ಇದ್ದವು. ಫೋನನ್ನು ಕಿತ್ತುಕೊಂಡರೆ ಕೈಗೆ ಅಂಟಿಕೊಂಡಿತು. ಅಲ್ಲೇ ವಾಂತಿ ಮಾಡಿಕೊಂಡು, ಸತ್ತ ಹುಳುಗಳನ್ನು ಹೂಳಲು ಯತೀಶ ತೋಡಿದ್ದ ಗುಂಡಿಗೇ ಫೋನನ್ನು ಎಸೆದು ಬಂದೆ.

ಮನೆಯಲ್ಲಿ ಹುಳುಗಳಿಂದ ಬಂದ ಸಂಖ್ಯೆಗಳನ್ನೆಲ್ಲ ಅಳಿಸಿ, ಕಂಪ್ಯೂಟರಿನ ಸ್ವಂತ ಸಂಖ್ಯೆಗಳನ್ನೇ ಕೇಳಿದೆ.

ಅದೇ ಸಂಖ್ಯೆಗಳು ಬಂದವು, ಅದೇ ಸಾಲಿನಲ್ಲಿ.