ಅರ್ವೋನ ಅಂಗಿಗಳ ಜಮಖಾನ

“ಎಲ್ಲಿ ಬಚ್ಚಿಟ್ಟೆ ಅದನ್ನ? ಹೇಳು!”

ಕೇಳಿದ್ದು ಅತ್ತೆ ಹೆಲ್ಮಿ. ಸೊಸೆ ಕಾರಿನಾ ಅವಳ ಊದಿದ ಮಣಿಕಟ್ಟಿಗೆ ಐಸಿನ ಚೀಲ ಒತ್ತಿ ಹಿಡಿದು ತಲೆ ತಗ್ಗಿಸಿ ಕೂತಿದ್ದಳು. ಗಂಡ ಅರ್ವೋ ತೀರಿಕೊಂಡ ಮೇಲೆ ಥಂಡರ್ ಬೇ ಊರಿನ ಆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಎಂಬತ್ತರ ಅತ್ತೆ, ಐವತ್ತರ ಸೊಸೆ. ಒಂದೇ ಒಲೆ, ಎರಡು ಕಾಫಿ ಪಾತ್ರೆ!

ಅರ್ವೋ ಬಿಟ್ಟುಹೋದದ್ದು ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಹೆಡ್‌ಸೆಟ್. ಅದರೊಳಗೆ, ಸರೋವರದ ದಡದ ರಜೆಮನೆಯಲ್ಲಿ ಕೊನೆಯ ಬೇಸಿಗೆ ಅವನೇ ಹಿಡಿದಿಟ್ಟ ಹತ್ತು ನಿಮಿಷದ ಚಿತ್ರ. ಕಟ್ಟಿಕೊಂಡರೆ ಸುತ್ತಲೂ ನೀರು, ಎದುರಿಗೆ ಸೌನಾ ಎಂಬ ಬಿಸಿಹಬೆಯ ಸ್ನಾನದ ಮನೆ, ಪಕ್ಕದಲ್ಲೇ ಜಗಲಿಯ ಕಟಕಟೆ. ಹೆಲ್ಮಿ ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಬರುತ್ತಿದ್ದಳು. ನಿನ್ನೆ ಆ ಚಿತ್ರದೊಳಗಿಂದ ಮಗ ಕರೆದಾಗ, ನಲವತ್ತು ವರ್ಷದ ರೂಢಿಯಂತೆ ಕಟಕಟೆಗೆ ಕೈಯೂರಿ ಮೆಟ್ಟಿಲಿಳಿಯಲು ಹೊರಟಳು. ಕಟಕಟೆ ಸರೋವರದ ದಡದಲ್ಲಿತ್ತು, ಕೈ ಮಾತ್ರ ಮನೆಯಲ್ಲಿತ್ತು! ಉಣ್ಣೆಯ ಕಾಲುಚೀಲ ಮರದ ನೆಲದ ಮೇಲೆ ಜಾರಿತು. ಕಾಫಿ ಮೇಜಿನ ಅಂಚು ಮಣಿಕಟ್ಟಿಗೆ ಬಡಿಯಿತು.

“ಇನ್ನೊಂದ್ಸಲ ಬಿದ್ರೆ ಅಮ್ಮನ್ನ ವೃದ್ಧಾಶ್ರಮಕ್ಕೆ ಸೇರ್ಸೋದೇ ಸೈ” ಎಂದು ನಾದಿನಿ ಸಿಲ್ವಿ ಟೊರಾಂಟೊದಿಂದ ಫೋನಿನಲ್ಲೇ ತೀರ್ಪು ಕೊಟ್ಟಿದ್ದಳು. ಹೆಡ್‌ಸೆಟ್ಟು ಬೀರು ಸೇರಿದ್ದು ಆಮೇಲೆ. ಆದರೆ ಸಿಲ್ವಿಯ ಮಾತನ್ನು ಅತ್ತೆಗೆ ಹೇಳುವುದು ಹೇಗೆ?

“ಅವನ ಅಂಗಿಗಳಿಗೆ ಬೀಗ ಹಾಕ್ದೆ. ಈಗ ಅವನ ದನೀಗೂ ಬೀಗ! ಹೆತ್ತೋಳು ನಾನು ಕಣೇ... ಎಲ್ಲಾ ನಿನಗೊಬ್ಳಿಗೇ ಬೇಕಾ?”

ಅಂಗಿಯ ಮಾತು ಹಳೆಯ ಗಾಯ. ಸತ್ತವರ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಜಮಖಾನ ನೇಯುವುದು ಹೆಲ್ಮಿಯ ತವರಿನ ಪದ್ಧತಿ. ಮಾವನ ಪ್ಯಾಂಟುಗಳ ಮೇಲೆ ನಿಂತೇ ಎಲ್ಲರೂ ಇಪ್ಪತ್ತು ವರ್ಷದಿಂದ ಹಿಮದ ಬೂಟು ಬಿಚ್ಚುತ್ತಿದ್ದರು! ಅರ್ವೋನ ಅಂಗಿಗಳನ್ನು ಮಾತ್ರ ಕಾರಿನಾ ಕೊಟ್ಟಿರಲಿಲ್ಲ. ಅವನನ್ನು ತುಳಿಯುವುದೇ? ಕಾಲರುಗಳಲ್ಲಿ ಇನ್ನೂ ಅವನ ವಾಸನೆಯಿತ್ತು... ಆ ಹೆಡ್‌ಸೆಟ್ಟನ್ನು ಅವಳು ಒಮ್ಮೆಯೂ ಕಟ್ಟಿಕೊಂಡವಳಲ್ಲ. ದನಿ ಕೇಳಿದರೆ ತಡೆದುಕೊಳ್ಳಲಾರೆನೆಂಬ ಭಯ.

ಮೂರು ದಿನ ಹೆಲ್ಮಿ ತನಗಿಷ್ಟದ ಏಲಕ್ಕಿ ಬ್ರೆಡ್ಡನ್ನು ಮೂಸಿಯೂ ನೋಡಲಿಲ್ಲ. ನಾಲ್ಕನೆಯ ದಿನ ಕೈಗೆ ವ್ಯಾಯಾಮ ಕಲಿಸಲು ಬಂದ ಹುಡುಗಿ ಕಥೆಯೆಲ್ಲ ಕೇಳಿ ನಕ್ಕಳು.

“ಕಿತ್ಕೊಂಡ್ರೆ ಆಗಲ್ಲ ಕಾರಿನಾ. ಒಳಗೆ ಹೋದವ್ರಿಗೆ ತಾವೆಲ್ಲಿ ನಿಂತಿದೀವಿ ಅನ್ನೋದೇ ಮರ್ತುಹೋಗುತ್ತೆ. ಮೇಜು ಆಚೆ ಎಳೀರಿ. ನಡುವೆ ದಪ್ಪಗೆ ಏನಾದ್ರೂ ಹಾಸಿ, ಬರಿಗಾಲಲ್ಲಿ ನಿಲ್ಲಿಸಿ. ಕಾಲಿಗೆ ಹಾಸು ತಪ್ಪಿದ್ರೆ ಅಲ್ಲೇ ನಿಂತ್ಬಿಡ್ಬೇಕು. ತಲೆ ಸುತ್ತಿದ್ರೆ ತಕ್ಷಣ ಬಿಚ್ಬೇಕು. ನೀವೂ ಪಕ್ಕದಲ್ಲಿರಿ.”

ಅವಳು ಹೋದ ಮೇಲೆ ಕಾರಿನಾ ಬಹಳ ಹೊತ್ತು ಬೀರುವಿನ ಮುಂದೆ ನಿಂತಿದ್ದಳು. ಆಮೇಲೆ ಹನ್ನೆರಡು ಅಂಗಿಗಳನ್ನು ತಂದು ಅತ್ತೆಯ ಮಡಿಲಲ್ಲಿಟ್ಟಳು.

“ನಿಮ್ಮ ಕಾಲಿಗೆ ಒಂದು ಜಮಖಾನ ಬೇಕು ಅತ್ತೆ. ನೇಯ್ಗೆ ನಿಮ್ಮದು, ಕೈ ನಂದು.”

ಹೆಲ್ಮಿ ಒಂದು ಅಂಗಿ ಎತ್ತಿ, ಕತ್ತರಿ ಕೇಳಿ ಪಡೆದು, ನೋವಿಲ್ಲದ ಕೈಯಿಂದಲೇ ಕಾಲರನ್ನು ಮೆಲ್ಲಗೆ ಕತ್ತರಿಸಿ ಸೊಸೆಯ ಕೈಗಿಟ್ಟಳು.

“ಕಾಲರ್ ನೇಯಕ್ಕೆ ಬರಲ್ಲ, ಬಿರುಸು. ನೀನೇ ಇಟ್ಕೋ.”

ಕಾರಿನಾ ಅದನ್ನು ಮುಖಕ್ಕೊತ್ತಿಕೊಂಡು ಬಿಕ್ಕಿದಳು. ಮುದುಕಿ ನೋಡದವಳಂತೆ ಅಂಗಿಯ ಪಟ್ಟಿ ಕತ್ತರಿಸತೊಡಗಿದಳು.

ಮಾರ್ಚ್ ತಿಂಗಳವರೆಗೂ ಹೆಲ್ಮಿಯ ಹಳೆಯ ಮಗ್ಗ ನಡೆಯಿತು. “ಇನ್ನೂ ಬಿಗಿಯಾಗಿ ಹೊಡಿ, ನಿಮ್ಮಮ್ಮ ಇದನ್ನೂ ಕಲಿಸ್ಲಿಲ್ವಾ?” ಎಂಬ ಬೈಗುಳವೂ ತಪ್ಪಲಿಲ್ಲ. ಈ ನಡುವೆ ಒಂದು ಕಾಫಿ ಪಾತ್ರೆ ಯಾವಾಗ ಕಪಾಟು ಸೇರಿತೋ ಇಬ್ಬರೂ ಗಮನಿಸಲಿಲ್ಲ.

ಜಮಖಾನ ಮುಗಿದ ಬೆಳಿಗ್ಗೆ ಕಾರಿನಾ ಮೇಜನ್ನು ಆಚೆ ಎಳೆದಳು. ಜಮಖಾನದ ಅಡಿಗೆ ಜಾರದಂಥ ರಬ್ಬರ್ ಹಾಳೆ ಹಾಸಿದಳು. ಅತ್ತೆ ಕೈ ಚಾಚುವ ಜಾಗ ಕೇಳಿಕೊಂಡು, ಅಲ್ಲಿ ಓಕ್ ಮರದ ಭಾರದ ಕುರ್ಚಿ ಇಟ್ಟಳು. ಅತ್ತೆಯ ಕನ್ನಡಕಕ್ಕೆ ಒತ್ತದಂತೆ ಹೆಡ್‌ಸೆಟ್ಟಿನ ಪಟ್ಟಿ ಬಿಗಿದಳು. ಹತ್ತು ನಿಮಿಷವೂ ಹೆಲ್ಮಿಯ ಬರಿಗಾಲು ಜಮಖಾನ ಬಿಟ್ಟು ಕದಲಲಿಲ್ಲ.

ಹೆಡ್‌ಸೆಟ್ ಬಿಚ್ಚಿ ಅವಳು ಸೊಸೆಯತ್ತ ಚಾಚಿದಳು. “ಈಗ ನೀನು.”

“ನಂಗೆ ಬೇಡ ಅತ್ತೆ...”

“ನಾನೂ ಒಂದು ಮಾತು ಬೀಗ ಹಾಕಿಟ್ಟಿದ್ದೆ ಕಣೇ. ಅವನು ಕರೆಯೋದು ನನ್ನೊಬ್ಳನ್ನೇ ಅಲ್ಲ.”

ಕಾರಿನಾ ಕಾಲುಚೀಲ ಬಿಚ್ಚಿದಳು. ಪಾದದಡಿ ಅಂಗಿಗಳು ಮೆತ್ತಗಿದ್ದವು. ಕಣ್ಣೆದುರು ನೀರು, ಬಿಸಿಲು, ಸೌನಾದ ಹೊಗೆ... ಬಾಗಿಲು ತೆರೆದು ಅರ್ವೋ ನಕ್ಕ.

“ಅಮ್ಮಾ! ಕಾರಿನಾ! ಸೌನಾ ಕಾದಿದೆ, ಬನ್ನಿ!”

ಅವಳ ಕೈ ತಾನಾಗಿ ಕಟಕಟೆಯತ್ತ ಚಾಚಿತು. ಅದು ಕುರ್ಚಿಗೆ ತಾಗುವ ಮೊದಲೇ ಮುದುಕಿಯ ಎಲುಬಿನ ಭುಜ ಬಂದು ಅದರ ಕೆಳಗೆ ನಿಂತಿತು.

“ಕಾಲು ಜಮಖಾನದ ಮೇಲಿದೆಯಾ?”

“ಇದೆ ಅತ್ತೆ...”

“ಹಾಗಾದ್ರೆ ಅಳು. ಬೀಳಲ್ಲ.”