ಲೊಮಾವಾದ ಮತಪೆಟ್ಟಿಗೆ

ಭಾನುವಾರ ಬೆಳಗ್ಗೆ 8.10ಕ್ಕೆ ಅಮೆರಿಕದ ರೆಂಟನ್ ಊರಿನ ಪೊಲೀಸ್ ಠಾಣೆಗೆ ದೂರು ಬಂತು: ಮತಪೆಟ್ಟಿಗೆ ಕಳುವಾಗಿದೆ. ಬೆಂಗಳೂರಾಗಿದ್ದರೆ ಎಫ್‌ಐಆರ್ ಅನ್ನುತ್ತಿದ್ದರು. ಇಲ್ಲಿ ಅದಕ್ಕೊಂದು ನಂಬರು ಬಿದ್ದು, ಕಡತ ಡಿಟೆಕ್ಟಿವ್ ರಂಜಿನಿಯ ಮೇಜಿಗೆ ಬಂತು.

ದೂರು ಕೊಟ್ಟವನು ತೆಮಾನು. ವಿಮಾನ ಕಾರ್ಖಾನೆಯ ಎಂಜಿನಿಯರ್. ಪೆಸಿಫಿಕ್ ಸಾಗರದ ಲೊಮಾವಾ ಎಂಬ ಪುಟ್ಟ ದ್ವೀಪದೇಶದವನು, ಈ ಸಲ ಅಲ್ಲಿನ ಸಂಸತ್ತಿಗೆ ಅಭ್ಯರ್ಥಿ. ಇಲ್ಲಿ ನೆಲೆಸಿರುವ ಅವನ ದೇಶದ 412 ಜನ ಶನಿವಾರ ಸಮುದಾಯ ಭವನದಲ್ಲಿ ಮತ ಹಾಕಿದ್ದರು. ಪೆಟ್ಟಿಗೆ ಈ ಸಂಜೆ ಆರರ ವಿಮಾನ ಹತ್ತದಿದ್ದರೆ ಅಷ್ಟೂ ಮತ ಅಸಿಂಧು. ಇಡೀ ಕ್ಷೇತ್ರದಲ್ಲಿ ಮತದಾರರೇ ಎರಡು ಸಾವಿರ. ಇವು ಹೋದರೆ ತೆಮಾನು ಸೋತಂತೆಯೇ.

ಸ್ಥಳ ಮಹಜರಿನಲ್ಲಿ ಸಿಕ್ಕಿದ್ದು ಒಡೆದ ಕಿಟಕಿ ಮಾತ್ರ. ಕ್ಯಾಮೆರಾದಲ್ಲಿ ಬೆಳಗ್ಗೆ 5.30ಕ್ಕೆ ಮುಖಗವಸು ಹಾಕಿದ ಗಂಡಸು. ಇದರಲ್ಲೇನೂ ಇಲ್ಲ ಎಂದು ಪೇದೆ ಮಾರ್ಕ್ ಕೈಚೆಲ್ಲಿದ. ರಂಜಿನಿ ಎರಡನೇ ಸಲ ನೋಡಿ ಕುರ್ಚಿಯಿಂದ ಎದ್ದೇಬಿಟ್ಟಳು. ಗಡಿಬಿಡಿಯಲ್ಲಿ ಮತದಾರರ ಪಟ್ಟಿ ನೆಲಕ್ಕೆ ಬಿದ್ದು ಕಳ್ಳ ಅದನ್ನು ತುಳಿದಿದ್ದ. ತಕ್ಷಣ ಬಗ್ಗಿ, ಕಾಗದ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಿದ್ದ. ಅಯ್ಯೋ ಪುಣ್ಯಾತ್ಮ! ದೇಶದ ಮತ ಕದಿಯಲು ಬಂದವನಿಗೆ ಕಾಗದಕ್ಕೆ ಕಾಲು ತಾಗಿದ್ದು ಪಾಪವಂತೆ! ಹಾಸನದ ಅಜ್ಜಿ ಕಲಿಸಿದ ಆ ಅಭ್ಯಾಸವನ್ನು ರಂಜಿನಿಯೂ ಇನ್ನೂ ಬಿಟ್ಟಿರಲಿಲ್ಲ.

ಸ್ವಯಂಸೇವಕರಲ್ಲಿ ಭಾರತದವರು ಯಾರು ಎಂದು ತೆಮಾನುವನ್ನು ಕೇಳಿದಳು.

"ಶಶಿಕಾಂತ ಒಬ್ಬನೇ. ಹನ್ನೆರಡು ವರ್ಷದಿಂದ ನನ್ನ ಪಕ್ಕದ ಮೇಜು. ಯಾವ ಪಕ್ಷಕ್ಕೂ ಸೇರದವನೆಂದು ಸಾಲು ನೋಡಿಕೊಳ್ಳಲು ಕರೆದಿದ್ದೆವು. ಅವನಂತೂ ಅಲ್ಲ."

ಮಧ್ಯಾಹ್ನ 1.40ಕ್ಕೆ ಶಶಿಕಾಂತ ತನ್ನ ಮನೆಯ ಬಾಗಿಲು ತೆರೆದ. ಸುಮ್ಮನಿರುವ, ವಕೀಲರನ್ನು ಕರೆಯುವ ಹಕ್ಕುಗಳನ್ನು ರಂಜಿನಿ ಮೊದಲು ಇಂಗ್ಲಿಷಿನಲ್ಲಿ ಓದಿದಳು. ಆಮೇಲೆ ಒಳಗಿನ ಗೋಡೆಯ ಕನ್ನಡ ಕ್ಯಾಲೆಂಡರ್ ಕಂಡು ಕನ್ನಡಕ್ಕೆ ಬಂದಳು.

"ಬೆಳಗ್ಗೆ ಐದೂವರೆಗೆ ಎಲ್ಲಿದ್ರಿ?"

"ಮಲಗಿದ್ದೆ ಮೇಡಂ."

ಫೋನಿನಲ್ಲಿ ದೃಶ್ಯ ತೋರಿಸಿದಳು. "ನಮ್ಮೋರು ಬಿಟ್ರೆ ಆ ಹಾಲ್‌ನಲ್ಲಿ ಹೀಗ್ ಮಾಡೋರು ಯಾರ್ರೀ?"

ಅವನು ಬಾಗಿಲಿನಿಂದ ಸರಿದು ಅವಳನ್ನು ಒಳಗೆ ಬಿಟ್ಟ.

"ಪೆಟ್ಟಿಗೆ ಎಲ್ಲಿ?"

"ಗ್ಯಾರೇಜಲ್ಲಿದೆ. ಸೀಲ್ ಒಡೆದಿಲ್ಲ."

"ಯಾಕ್ ಮಾಡಿದ್ರಿ?"

"ಕನ್ನಡ ಸಂಘದ ಎಲೆಕ್ಷನ್‌ಗೆ ಮೂರ್ ಸಲ ನಿಂತೆ. ಮೂರ್ ಸಲನೂ ನಮ್ಮೋರೇ ಸೋಲ್ಸಿದ್ರು. ಈ ತೆಮಾನುಗೆ ಪ್ರಮೋಷನ್ನೂ ಮೊದ್ಲು, ಇವನ ಜೋಕಿಗೇ ಎಲ್ರೂ ನಗೋದು. ಈಗ ದೇಶಾನೂ ಬೇಕಾ? ನಿನ್ನೆ ಅಷ್ಟೂ ಜನನ್ನ ಸಾಲಲ್ಲಿ ನಿಲ್ಸಿದ್ದು ನಾನು. ತಬ್ಕೊಂಡಿದ್ದು ಅವನನ್ನ. ಹೊಟ್ಟೆ ಉರಿದುಹೋಯ್ತು ಮೇಡಂ."

3.05ಕ್ಕೆ ಪಂಚನಾಮೆ ಮುಗಿಸಿ ಶಶಿಕಾಂತನನ್ನು ದಸ್ತಗಿರಿ ಮಾಡಿದರು. ಪೆಟ್ಟಿಗೆಯನ್ನು ಮಾರ್ಕ್ ವಿಮಾನ ನಿಲ್ದಾಣಕ್ಕೆ ಒಯ್ದ.

ಠಾಣೆಯಲ್ಲಿ ಹೇಳಿಕೆಗೆ ಸಹಿ ಹಾಕುವ ಮುನ್ನ ಶಶಿಕಾಂತ ತಲೆ ಎತ್ತಿದ.

"ಇನ್ನೊಂದು ಸೇರಿಸ್ಕೊಳ್ಳಿ. ಅವನು ಹಾಳಾಗ್ಲಿ ಅಂತ ಅಲ್ಲ. ಸೋತು ಪಕ್ಕದ ಮೇಜಿಗೆ ವಾಪಸ್ ಬಂದಿದ್ರೆ ನಾನೇ ಸಮಾಧಾನ ಮಾಡ್ತಿದ್ದೆ. ತುಂಬಾ ಚೆನ್ನಾಗಿ ನೋಡ್ಕೋತಿದ್ದೆ."

ಅದು ಸುಳ್ಳಲ್ಲ ಎಂದು ರಂಜಿನಿಗೆ ಅನ್ನಿಸಿತು. ಹಾಗೆಯೇ ಬರೆದುಕೊಂಡಳು.